ನೋಟ್ಸ್ ಪುಸ್ತಕದಲ್ಲಿ ಎಲ್ಲ ಇದೆ, ಟೆಸ್ಟ್‌ನಲ್ಲಿ ಏನೂ ಹೊಳೆಯುವುದಿಲ್ಲ: ಏನು ಮಾಡಲಿ?

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದ್ದೇನೆ. ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಲೆಕ್ಚರರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಹೋಗಿ ಅರ್ಧಂಬರ್ಧ ಆಗುತ್ತದೆ. ಮನೆಗೆ ಬಂದು ದಿನಾ ಎರಡು ಗಂಟೆ ಕೂತು ಫೇರ್ ನೋಟ್ಸ್ ಮಾಡುತ್ತೇನೆ. ಆದರೂ ಟೆಸ್ಟ್‌ನಲ್ಲಿ ಏನೂ ಹೊಳೆಯುವುದಿಲ್ಲ. ನೋಟ್ಸ್ ಕನ್ನಡದಲ್ಲಿ ಬರೆದುಕೊಳ್ಳಬಹುದೇ? ಬೋರ್ಡ್‌ನ ಫೋಟೊ ತೆಗೆದುಕೊಂಡರೆ ಸಾಕೇ? ಸರಿಯಾದ ವಿಧಾನ ತಿಳಿಸಿ.

ಉತ್ತರ: ಮೊದಲು ಫೇರ್ ನೋಟ್ಸ್ ನಿಲ್ಲಿಸಿ. ರಫ್ ಪುಸ್ತಕ ಎದುರಿಗಿಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಇನ್ನೊಂದಕ್ಕೆ ಇಳಿಸುವಾಗ ಕಣ್ಣು ನೋಡುತ್ತದೆ, ಕೈ ಬರೆಯುತ್ತದೆ. ನೆನಪಿಸಿಕೊಳ್ಳುವ ಕೆಲಸ ಆ ಎರಡು ಗಂಟೆಯಲ್ಲಿ ಒಮ್ಮೆಯೂ ನಡೆಯುವುದಿಲ್ಲ. ಟೆಸ್ಟ್‌ನಲ್ಲಿ ಬೇಕಾಗುವುದು ಅದೊಂದೇ. ಅಭ್ಯಾಸವೇ ಇಲ್ಲದ ಕೆಲಸವನ್ನು ಆ ದಿನ ಮನಸ್ಸು ಮಾಡಿಕೊಡುವುದಿಲ್ಲ. ತಪ್ಪು ನಿಮ್ಮ ಬುದ್ಧಿಯದಲ್ಲ, ಇಂಗ್ಲಿಷ್‌ನದೂ ಪೂರ್ತಿಯಾಗಿ ಅಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರೂ ಇದೇ ಜಾಗದಲ್ಲಿ ಎಡವುತ್ತಾರೆ.

ಕಾಲೇಜಿನಲ್ಲಿ ಫೇರ್ ಪುಸ್ತಕಕ್ಕೆ ಸಹಿ ಹಾಕಿಸಲೇಬೇಕು ಎಂಬ ನಿಯಮವಿದ್ದರೆ ಬರೆಯಿರಿ, ಆದರೆ ರಫ್ ಪುಸ್ತಕ ಮುಚ್ಚಿಟ್ಟು ಬರೆಯಿರಿ. ಒಂದು ಉಪಶೀರ್ಷಿಕೆಯಷ್ಟನ್ನು ಓದಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ತಿದ್ದಿಕೊಳ್ಳಿ. ಅದೇ ಸಮಯ, ಅದೇ ಪುಸ್ತಕ; ಆದರೆ ಈಗ ಅದು ಓದು.

ಎಲ್ಲವನ್ನೂ ಬರೆದುಕೊಳ್ಳುವ ಆಸೆಯನ್ನೂ ಬಿಡಬೇಕು. ಪಾಠ ಮಾಡುವವರು ನಿಮಿಷಕ್ಕೆ ಸುಮಾರು 120ರಿಂದ 150 ಇಂಗ್ಲಿಷ್ ಪದ ಆಡುತ್ತಾರೆ. ವೇಗವಾಗಿ ಬರೆಯುವ ಕೈಗೂ ನಿಮಿಷಕ್ಕೆ 25-30 ಪದ ದಾಟುವುದು ಕಷ್ಟ. ಐದರಲ್ಲಿ ಒಂದು ಪದ ಮಾತ್ರ ಹಾಳೆಗೆ ಬರುತ್ತದೆ. ಯಾವುದು ಬರಬೇಕು ಎಂದು ನೀವು ಆರಿಸದಿದ್ದರೆ, ಕೈಗೆ ಸಿಕ್ಕಿದ್ದು ಬರುತ್ತದೆ. ನಿಮ್ಮ ನೋಟ್ಸ್ ಅರ್ಧಂಬರ್ಧ ಆಗುತ್ತಿರುವುದು ಹೀಗೆ: ಮೊದಲ ವಾಕ್ಯ ಪೂರ್ತಿ ಬರೆಯುವಷ್ಟರಲ್ಲಿ ಎರಡು, ಮೂರು, ನಾಲ್ಕನೆಯದು ದಾಟಿ ಹೋಗಿರುತ್ತವೆ. ಮುಖ್ಯವಾದ ಷರತ್ತು ಮೂರನೆಯದರಲ್ಲೇ ಇದ್ದಿರಬಹುದು.

ಆರಿಸಲು ಪಾಠ ಎತ್ತ ಹೋಗುತ್ತಿದೆ ಎಂದು ಮೊದಲೇ ಗೊತ್ತಿರಬೇಕು. ಅದಕ್ಕೆ ಹಿಂದಿನ ರಾತ್ರಿ ಹತ್ತು ನಿಮಿಷ ಸಾಕು. ನಿಮ್ಮ ವಿಜ್ಞಾನ ವಿಷಯಗಳ ಪಠ್ಯ ಎನ್‌ಸಿಇಆರ್‌ಟಿ ಪುಸ್ತಕಗಳೇ. ಮರುದಿನ ಬರುವ ಭಾಗದ ಉಪಶೀರ್ಷಿಕೆಗಳನ್ನು ಓದಿ, ಚಿತ್ರಗಳನ್ನೂ ಅವುಗಳ ಕೆಳಗಿನ ಸಾಲುಗಳನ್ನೂ ನೋಡಿ, ದಪ್ಪಕ್ಷರದ ಪದಗಳಲ್ಲಿ ಗೊತ್ತಿಲ್ಲದ ಐದನ್ನು ಬರೆದುಕೊಳ್ಳಿ. ಅರ್ಥವಾಗಲೇಬೇಕೆಂದಿಲ್ಲ. ಮರುದಿನ ಆ ಪದ ಕಿವಿಗೆ ಬಿದ್ದಾಗ ‘ಇದನ್ನು ನೋಡಿದ್ದೇನೆ’ ಎನಿಸಿದರೆ ಸಾಕು, ಸ್ಪೆಲ್ಲಿಂಗ್‌ಗಾಗಿ ತಡವರಿಸುವ ಆ ಹತ್ತು ಸೆಕೆಂಡ್ ಉಳಿಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಹತ್ತು ನಿಮಿಷ ಕೊಡುವಷ್ಟು ಲಾಭವನ್ನು ಬೇರೆ ಯಾವುದೂ ಕೊಡುವುದಿಲ್ಲ. ಬಿಡುವಿಲ್ಲದ ದಿನ ಉಳಿದದ್ದನ್ನು ಬಿಡಿ, ಇದನ್ನು ಬಿಡಬೇಡಿ.

ಇನ್ನು ಹಾಳೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ರೂಪಿಸಿದ ಹಾಳೆಯ ವಿನ್ಯಾಸ ಇವತ್ತಿಗೂ ಬಳಕೆಯಲ್ಲಿದೆ. ಎಡಕ್ಕೆ ಎರಡೂವರೆ ಇಂಚಿನ ಅಂಕಣ, ಬಲಕ್ಕೆ ಅಗಲವಾದ ಜಾಗ, ಕೆಳಗೆ ಎರಡು ಇಂಚಿನ ಪಟ್ಟಿ. ಬಲಗಡೆ ತರಗತಿಯಲ್ಲಿ ತುಂಬುತ್ತದೆ, ಎಡಗಡೆ ಆಮೇಲೆ ಪ್ರಶ್ನೆಗಳು, ಕೆಳಗೆ ಸಾರಾಂಶ. ನಮ್ಮ ಲಾಂಗ್ ನೋಟ್‌ಬುಕ್ ಅಷ್ಟು ಅಗಲ ಇಲ್ಲವಾದ್ದರಿಂದ ಸ್ವಲ್ಪ ಬದಲಿಸಿಕೊಳ್ಳಿ. ಮುದ್ರಿತ ಮಾರ್ಜಿನ್ ಸೇರಿಸಿ ಎಡಕ್ಕೆ 5 ಸೆಂ.ಮೀ. ಬಿಟ್ಟು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಕೆಳಗೆ ಐದು ಸಾಲು ಬಿಡಿ. ಪುಸ್ತಕ ತೆರೆದಾಗ ಬಲಕ್ಕೆ ಬರುವ ಪುಟದಲ್ಲಿ ಮಾತ್ರ ಪಾಠ ಬರೆಯಿರಿ. ಎಡಕ್ಕೆ ಬರುವ ಪುಟ ಪೂರ್ತಿ ಖಾಲಿ ಇರಲಿ. ಆ ಖಾಲಿ ಪುಟಕ್ಕೆ ಆಮೇಲೆ ಬಹಳ ಕೆಲಸವಿದೆ: ಆ ಪಾಠದ ಮೇಲಿನ ಲೆಕ್ಕ, ನೀವು ಮಾಡಿದ ತಪ್ಪು, ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಸಿಕ್ಕ ಪ್ರಶ್ನೆ, ಬಿಟ್ಟುಹೋದ ಚಿತ್ರ. ಪುಸ್ತಕ ಬೇಗ ಮುಗಿಯುತ್ತದೆ, ನಿಜ. ಹಳೆ ಪುಸ್ತಕಗಳಲ್ಲಿ ಉಳಿದ ಹಾಳೆ ಕಿತ್ತು ಹೊಲಿದುಕೊಂಡರೂ ಸರಿ, ಜಾಗದಲ್ಲಿ ಮಾತ್ರ ಜಿಪುಣತನ ಬೇಡ. ಒತ್ತೊತ್ತಾಗಿ ತುಂಬಿದ ಪುಟಕ್ಕೆ ಆಮೇಲೆ ಏನನ್ನೂ ಸೇರಿಸಲಾಗದು.

ತರಗತಿಯಲ್ಲಿ ಬರೆಯಬೇಕಾದದ್ದು ಮುಖ್ಯವಾಗಿ ಮೂರು. ಒಂದು, ಪಠ್ಯಪುಸ್ತಕದಲ್ಲಿ ಇಲ್ಲದ್ದು: ಲೆಕ್ಚರರ್ ಕೊಟ್ಟ ಉದಾಹರಣೆ, ಬೋರ್ಡ್ ಮೇಲೆ ಬಿಡಿಸಿದ ಲೆಕ್ಕ, ‘ಇಲ್ಲಿ ಎಲ್ಲರೂ ತಪ್ಪು ಮಾಡ್ತಾರೆ’ ಎಂದು ಹೇಳಿದ ಜಾಗ. ಎರಡು, ಷರತ್ತು. ಸೂತ್ರವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ಅದು ಯಾವಾಗ ಅನ್ವಯಿಸುತ್ತದೆ ಎಂಬುದನ್ನು ಬಿಡುತ್ತಾರೆ. ‘ಬಟ್’, ‘ಓನ್ಲಿ’, ‘ಎಕ್ಸೆಪ್ಟ್’, ‘ಪ್ರೊವೈಡೆಡ್ ದಟ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪೆನ್ನು ಓಡಬೇಕು. ಮೂರು, ಕಾರಣ. ಡೆರಿವೇಷನ್‌ನಲ್ಲಿ, ಅಂದರೆ ಸೂತ್ರವನ್ನು ಹಂತಹಂತವಾಗಿ ಸಾಧಿಸುವಾಗ, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಏಕೆ ಬಂದೆವು ಎಂಬುದನ್ನು ಬಲತುದಿಯಲ್ಲಿ ಎರಡು ಪದದಲ್ಲಿ ಗುರುತಿಸಿ: ‘ಎರಡನೇ ನಿಯಮ’, ‘ಕೋನ ಚಿಕ್ಕದು’, ‘ಸ್ಥಿರ, ಹೊರಗೆ’. ಕಾರಣವಿಲ್ಲದ ಡೆರಿವೇಷನ್ ಬರೀ ಬಾಯಿಪಾಠವಾಗುತ್ತದೆ. ನಡುವಿನ ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಯಿತು. ಪಠ್ಯದಲ್ಲಿ ಅಚ್ಚಾಗಿರುವ ವಿವರಣೆಯನ್ನು ಮತ್ತೆ ಬರೆಯಬೇಡಿ, ಪುಟ ಸಂಖ್ಯೆ ಹಾಕಿ ಮುಂದೆ ಹೋಗಿ.

ಲೆಕ್ಚರರ್ ಉಕ್ತಲೇಖನದಂತೆ ನೋಟ್ಸ್ ಡಿಕ್ಟೇಟ್ ಮಾಡುವವರಾದರೆ ಬರೆಯದೆ ವಿಧಿಯಿಲ್ಲ, ಬರೆಯಿರಿ. ಡಿಕ್ಟೇಟ್ ಮಾಡಿದ ಭಾಗದ ಪಕ್ಕ ಒಂದು ಉದ್ದ ಗೆರೆ ಎಳೆದಿಡಿ. ನಡುನಡುವೆ ಅವರು ನಿಲ್ಲಿಸಿ ಬಾಯಿಮಾತಿನಲ್ಲಿ ಬಿಡಿಸಿ ಹೇಳುತ್ತಾರಲ್ಲ, ಆಗ ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ನೀವು ಎತ್ತಿಕೊಳ್ಳಬೇಕಾದದ್ದೇ ಆಗ.

ಏನಾದರೂ ತಪ್ಪಿಹೋದರೆ ಮೂರು ಸಾಲು ಖಾಲಿ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಿನದಕ್ಕೆ ಕಿವಿಗೊಡಿ. ಪಕ್ಕದವರ ಪುಸ್ತಕಕ್ಕೆ ಇಣುಕಿದರೆ ಒಂದು ಸಾಲು ಸಿಗುತ್ತದೆ, ಮುಂದಿನ ನಾಲ್ಕು ಹೋಗುತ್ತದೆ. ಪೀರಿಯಡ್ ಮುಗಿದ ಕೂಡಲೇ ಕೇಳಿ ತುಂಬಿಕೊಳ್ಳಿ.

ಕಿರುರೂಪಗಳಿಗೆ ಬೆರಳೆಣಿಕೆಯಷ್ಟು ಗುರುತು ಸಾಕು. ‘ಆದ್ದರಿಂದ’ ಎನ್ನಲು ಮೂರು ಚುಕ್ಕಿ, ಹೆಚ್ಚಾದರೆ ಮೇಲ್ಮುಖ ಬಾಣ, ಕಡಿಮೆಯಾದರೆ ಕೆಳಮುಖ ಬಾಣ. ಆದರೆ ವಿಷಯದಲ್ಲಿ ಈಗಾಗಲೇ ಚಿಹ್ನೆಯಾಗಿರುವ ಅಕ್ಷರವನ್ನು ಕಿರುರೂಪ ಮಾಡಬೇಡಿ. ಭೌತಶಾಸ್ತ್ರದಲ್ಲಿ ‘ಪಿ’ ಎಂದರೆ ಸಂವೇಗವೂ ಆಗಬಹುದು, ಒತ್ತಡವೂ ಆಗಬಹುದು, ಪವರ್ ಕೂಡ. ನೀವು ‘ಪಾರ್ಟಿಕಲ್’ ಎನ್ನಲು ಅದೇ ‘ಪಿ’ ಹಾಕಿದರೆ ತಿಂಗಳ ನಂತರ ಆ ಸಾಲು ನಿಮಗೇ ಅರ್ಥವಾಗುವುದಿಲ್ಲ.

ಈಗ ಭಾಷೆಯ ವಿಚಾರ. ನೋಟ್ಸ್ ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಬಹುದು, ಬರೆಯಲೇಬೇಕು, ಆದರೆ ಎಲ್ಲವನ್ನೂ ಅಲ್ಲ. ಅರ್ಥ ಮಾಡಿಕೊಳ್ಳುವುದು ನಿಮಗೆ ಯಾವ ಭಾಷೆಯಲ್ಲಿ ಸಲೀಸೋ ಆ ಭಾಷೆಯಲ್ಲಿ. ಪರೀಕ್ಷೆ ಇಂಗ್ಲಿಷ್‌ನಲ್ಲಾದರೆ ವ್ಯಾಖ್ಯೆ, ನಿಯಮ ಮತ್ತು ಪಾರಿಭಾಷಿಕ ಪದ ಇಂಗ್ಲಿಷ್‌ನಲ್ಲಿ, ಪಠ್ಯದಲ್ಲಿ ಇದ್ದ ಹಾಗೆಯೇ. ಬಲಗಡೆಯ ಜಾಗದಲ್ಲಿ ಇಂಗ್ಲಿಷ್ ಪದಗಳೂ ಕನ್ನಡದ ವಿವರಣೆಯೂ ಬೆರೆತಿದ್ದರೆ ಏನೂ ಕೆಡುವುದಿಲ್ಲ. ‘ನೋಟ್ಸ್ ಪೂರ್ತಿ ಇಂಗ್ಲಿಷ್‌ನಲ್ಲೇ ಇರಬೇಕು’ ಎಂದು ಹಟ ಹಿಡಿದು, ಅರ್ಥವಾಗದ ವಾಕ್ಯಗಳನ್ನು ಹಾಗೆಹಾಗೇ ಇಳಿಸಿಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ವಿಜ್ಞಾನ ನಿಮ್ಮ ಆಸ್ತಿ. ಅದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಡಿ.

ಆದರೆ ಒಂದೆಡೆ ಎಚ್ಚರ ಬೇಕು. ಪ್ರೌಢಶಾಲೆಯಲ್ಲಿ ‘ಜವ’ ಎಂದು ಓದಿದ್ದು ಇಲ್ಲಿ ‘ಸ್ಪೀಡ್’. ‘ವೇಗ’ ಎಂದು ಓದಿದ್ದು ‘ವೆಲಾಸಿಟಿ’. ಮನೆಯಲ್ಲಿ, ಬಸ್ಸಿನಲ್ಲಿ ನಾವು ‘ವೇಗ’ ಎನ್ನುವುದು ಮಾತ್ರ ಸ್ಪೀಡ್ ಎಂಬ ಅರ್ಥದಲ್ಲಿ. ಹಾಗಾಗಿ ವೆಲಾಸಿಟಿಗೆ ದಿಕ್ಕೂ ಇದೆ ಎಂಬುದು ಲೆಕ್ಕ ಮಾಡುವಾಗ ಮರೆತುಹೋಗುತ್ತದೆ. ‘ವೇಗೋತ್ಕರ್ಷ’ ಎಂದರೆ ಆಕ್ಸಿಲರೇಷನ್. ಪದದಲ್ಲಿ ‘ಉತ್ಕರ್ಷ’ ಇರುವುದರಿಂದ ಅದು ಯಾವಾಗಲೂ ಏರಿಕೆಯೇ ಎಂಬ ಭ್ರಮೆ ಬರುತ್ತದೆ. ಕಡಿಮೆಯಾಗುವುದೂ, ಬರೀ ದಿಕ್ಕು ಬದಲಾಗುವುದೂ ಆಕ್ಸಿಲರೇಷನ್ನೇ. ‘ಶಕ್ತಿ’ ಎಂದರೆ ಎನರ್ಜಿ, ‘ಸಾಮರ್ಥ್ಯ’ ಎಂದರೆ ಪವರ್. ಆಡುಮಾತಿನಲ್ಲಿ ನಾವು ಎರಡಕ್ಕೂ ಶಕ್ತಿ ಎಂದುಬಿಡುತ್ತೇವೆ. ಇಂಥ ಜೋಡಿಗಳನ್ನು ಪುಸ್ತಕದ ಕೊನೆಯ ನಾಲ್ಕು ಹಾಳೆಯಲ್ಲಿ ಮೂರು ಅಂಕಣ ಮಾಡಿ ಬರೆಯಿರಿ: ಇಂಗ್ಲಿಷ್ ಪದ, ಕನ್ನಡ ಪದ, ಗೊಂದಲ ಎಲ್ಲಿ.

ಅದೇ ಪಟ್ಟಿಗೆ ಪಾರಿಭಾಷಿಕವಲ್ಲದ ಪದಗಳನ್ನೂ ಸೇರಿಸಿ. ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವುದು ಇವೇ: ‘ನೆಗ್ಲಿಜಿಬಲ್’ ಅಂದರೆ ಲೆಕ್ಕಕ್ಕೆ ಬಾರದಷ್ಟು, ‘ರೆಸ್ಪೆಕ್ಟಿವ್ಲಿ’ ಅಂದರೆ ಅನುಕ್ರಮವಾಗಿ, ‘ಅಟ್ ರೆಸ್ಟ್’ ಅಂದರೆ ನಿಶ್ಚಲ, ‘ಇನ್ವರ್ಸ್ಲಿ’ ಅಂದರೆ ವಿಲೋಮವಾಗಿ. ಪ್ರಶ್ನೆಯ ಕ್ರಿಯಾಪದಗಳೂ ಹಾಗೆಯೇ. ‘ಸ್ಟೇಟ್’ ಎಂದರೆ ನಿಯಮವನ್ನು ಹೇಳಿದರೆ ಸಾಕು, ವಿವರಣೆ ಬೇಡ. ‘ಡಿಸ್ಟಿಂಗ್ವಿಶ್’ ಎಂದರೆ ಎರಡನ್ನೂ ಎದುರುಬದುರು ಇಟ್ಟು ವ್ಯತ್ಯಾಸ ತೋರಿಸಬೇಕು. ಐವತ್ತು ಪದಗಳಾಗುವಷ್ಟರಲ್ಲಿ ತರಗತಿಯ ಇಂಗ್ಲಿಷ್ ಅರ್ಧಕ್ಕರ್ಧ ಹಿಡಿತಕ್ಕೆ ಬಂದಿರುತ್ತದೆ, ಏಕೆಂದರೆ ವಿಜ್ಞಾನದ ಇಂಗ್ಲಿಷ್ ಸುತ್ತಿಸುತ್ತಿ ಅವೇ ಪದಗಳನ್ನು ಬಳಸುತ್ತದೆ.

ಒಂದು ಪುಟವನ್ನೇ ಎದುರಿಗಿಟ್ಟು ನೋಡೋಣ. ಫ್ರಿಕ್ಷನ್, ಅಂದರೆ ಘರ್ಷಣೆಯ ಪಾಠ. ಹೆಚ್ಚಿನವರ ಪುಸ್ತಕದಲ್ಲಿ ವ್ಯಾಖ್ಯೆಯ ಎರಡು ಸಾಲು, ಕೆಳಗೆ ಚೌಕದೊಳಗೆ ‘ಎಫ್ ಸಮ ಮ್ಯೂ ಎನ್’ ಎಂಬ ಸೂತ್ರ (ಎಫ್ ಘರ್ಷಣೆ, ಮ್ಯೂ ಅದರ ಗುಣಾಂಕ, ಎನ್ ನೆಲ ವಸ್ತುವನ್ನು ಲಂಬವಾಗಿ ಒತ್ತುವ ಬಲ), ಅದರ ಮೇಲೆ ಹಳದಿ ಹೈಲೈಟರ್. ನೋಡಲು ಚೆಂದ. ಈಗ ಒಂದು ಪ್ರಶ್ನೆ: 10 ಕೆ.ಜಿ. ಪೆಟ್ಟಿಗೆ ಸಮತಟ್ಟಾದ ನೆಲದ ಮೇಲಿದೆ, ಸ್ಟ್ಯಾಟಿಕ್ ಫ್ರಿಕ್ಷನ್ನಿನ (ವಸ್ತು ಅಲುಗದಿರುವಾಗಿನ ಘರ್ಷಣೆಯ) ಗುಣಾಂಕ 0.4, ಗುರುತ್ವದ ವೇಗೋತ್ಕರ್ಷ 10 ಎಂದು ಹಿಡಿಯಿರಿ. ಅಡ್ಡಲಾಗಿ 25 ನ್ಯೂಟನ್ ಬಲದಿಂದ ತಳ್ಳಿದರೆ ಘರ್ಷಣೆ ಎಷ್ಟು? ಆ ಚೌಕವನ್ನು ನೆನಪಿಟ್ಟುಕೊಂಡವರು 0.4 ಅನ್ನು ಪೆಟ್ಟಿಗೆಯ ತೂಕವಾದ 100ರಿಂದ (10 × 10) ಗುಣಿಸಿ 40 ನ್ಯೂಟನ್ ಎಂದು ಬರೆಯುತ್ತಾರೆ. ಸರಿಯಾದ ಉತ್ತರ 25. ಪೆಟ್ಟಿಗೆ ಅಲುಗದಿರುವಾಗ ಘರ್ಷಣೆ ನಾವು ತಳ್ಳಿದಷ್ಟೇ ಇರುತ್ತದೆ. 40 ಎಂಬುದು ಅದರ ಗರಿಷ್ಠ ಮಿತಿ ಮಾತ್ರ. 40 ನಿಜವಾಗಿದ್ದರೆ 25ರಿಂದ ತಳ್ಳಿದ ಪೆಟ್ಟಿಗೆ ನಮ್ಮ ಕಡೆಗೇ ಜಾರಿ ಬರಬೇಕಿತ್ತು!

ಪುಟದಲ್ಲಿ ಸೂತ್ರ ಇತ್ತು, ಷರತ್ತು ಇರಲಿಲ್ಲ. ಅದೇ ಪುಟ ಹೀಗಿರಲಿ. ಬಲಗಡೆ: ‘ಸ್ಟ್ಯಾಟಿಕ್ – ಅಲುಗುವ ಮುನ್ನ – ತಳ್ಳಿದಷ್ಟೇ – ಮಿತಿ ಮ್ಯೂ-ಎಸ್ ಎನ್’. ಅದರ ಕೆಳಗೆ ‘ಕೈನೆಟಿಕ್ – ಜಾರುತ್ತಿರುವಾಗ – ಮ್ಯೂ-ಕೆ ಎನ್ – ಸಾಮಾನ್ಯವಾಗಿ ಮಿತಿಗಿಂತ ಕಡಿಮೆ’. ಅದರ ಕೆಳಗೆ ಒಂದು ಪುಟ್ಟ ನಕ್ಷೆ: ತಳ್ಳುವ ಬಲ ಅಡ್ಡಕ್ಕೆ, ಘರ್ಷಣೆ ಲಂಬಕ್ಕೆ, ಓರೆಯಾಗಿ ಏರಿದ ಗೆರೆ 40ರಲ್ಲಿ ತುಸು ಕುಸಿದು ಆಮೇಲೆ ಮಟ್ಟವಾಗಿ ಸಾಗುತ್ತದೆ. ಎಡ ಅಂಕಣದಲ್ಲಿ ಪ್ರಶ್ನೆಗಳು: ‘25ರಿಂದ ತಳ್ಳಿದರೆ? 40? 45?’, ‘ಎನ್ ಯಾವಾಗಲೂ ಎಂಜಿ (ತೂಕ) ಆಗಿರುತ್ತದೆಯೇ?’, ‘ಪೆಟ್ಟಿಗೆಯನ್ನು ಬೇರೆ ಮಗ್ಗುಲಿಗೆ ಇಟ್ಟರೆ ಮಿತಿ ಬದಲಾಗುತ್ತದೆಯೇ?’ ಎರಡನೆಯದರ ಉತ್ತರ ‘ಇಲ್ಲ’: ಇಳಿಜಾರಿನಲ್ಲಿ ಅದು ಎಂಜಿ ಕಾಸ್ ಥೀಟಾ ಆಗುತ್ತದೆ (ಥೀಟಾ ಎಂದರೆ ಇಳಿಜಾರಿನ ಕೋನ). ಮೂರನೆಯದಕ್ಕೂ ‘ಇಲ್ಲ’ ಎಂದೇ ಉತ್ತರ, ತಾಗುವ ವಿಸ್ತೀರ್ಣ ಲೆಕ್ಕಕ್ಕೆ ಬರುವುದಿಲ್ಲ. ಕೆಳಗಿನ ಐದು ಸಾಲಿನಲ್ಲಿ ನಿಮ್ಮ ಕನ್ನಡದಲ್ಲೇ ಸಾರಾಂಶ. ಎಡ ಪುಟದಲ್ಲಿ 10 ಕೆ.ಜಿ. ಪೆಟ್ಟಿಗೆಯ ಲೆಕ್ಕ, 40 ಎಂದು ತಪ್ಪು ಬರೆದಿದ್ದರೆ ಆ ತಪ್ಪಿನ ಸಮೇತ. ತಪ್ಪನ್ನು ಅಳಿಸಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಏಕೆ ತಪ್ಪೆಂದು ಬರೆಯಿರಿ.

‘ಫ್ರಿಕ್ಷನ್ ಎಂದರೇನು?’ ಎಂಬಂಥ ಪ್ರಶ್ನೆಗಳಿಂದಲೇ ಎಡ ಅಂಕಣ ತುಂಬಿದರೆ ಪ್ರಯೋಜನ ಕಡಿಮೆ. ‘ಏಕೆ’, ‘ಯಾವಾಗ’, ‘ಹೀಗಾದರೆ ಏನಾಗುತ್ತದೆ’ ಎಂಬವು ಹೆಚ್ಚಿರಲಿ. ಪುಟಕ್ಕೆ ನಾಲ್ಕರಿಂದ ಆರು ಪ್ರಶ್ನೆ ಸಾಕು.

ಈ ಪ್ರಶ್ನೆಗಳನ್ನು ಬರೆಯುವುದು ಅದೇ ದಿನ ಸಂಜೆ, ವಿಷಯಕ್ಕೆ 15 ನಿಮಿಷದಂತೆ. ಮೊದಲ ಐದು ನಿಮಿಷ ಪುಸ್ತಕ ತೆರೆಯದೆ, ಇವತ್ತು ಏನೇನು ಆಯಿತು ಎಂದು ಒಂದು ತುಂಡು ಕಾಗದದಲ್ಲಿ ಗೀಚಿ. ನಂತರ ಪುಸ್ತಕ ತೆರೆದು ಖಾಲಿ ಬಿಟ್ಟದ್ದನ್ನು ಪಠ್ಯದಿಂದ ತುಂಬಿ, ಎಡ ಅಂಕಣದ ಪ್ರಶ್ನೆ ಬರೆಯಿರಿ. ಕೊನೆಯ ಐದು ನಿಮಿಷ ಬಲಗಡೆಯನ್ನು ರಟ್ಟಿನಿಂದ ಮುಚ್ಚಿ ಆ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರ ಹೇಳಿ. ಉತ್ತರ ಬಂದರೆ ಪ್ರಶ್ನೆಯ ಪಕ್ಕ ಒಂದು ಚುಕ್ಕಿ, ಬರದಿದ್ದರೆ ಅಡ್ಡಗೆರೆ. ಎರಡು ದಿನ ಬಿಟ್ಟು ಮತ್ತೊಮ್ಮೆ, ಆ ವಾರದ ಭಾನುವಾರ ಮತ್ತೊಮ್ಮೆ, ತಿಂಗಳ ಕೊನೆಗೆ ಒಮ್ಮೆ. ಸತತ ಮೂರು ಚುಕ್ಕಿ ಬಿದ್ದ ಪ್ರಶ್ನೆಯನ್ನು ಟೆಸ್ಟ್‌ವರೆಗೆ ಮುಟ್ಟಬೇಕಿಲ್ಲ, ಅಡ್ಡಗೆರೆಯವನ್ನು ಹಿಡಿಯಿರಿ. ನಾಲ್ಕು ವಿಷಯಕ್ಕೆ ಒಂದು ಗಂಟೆ. ಫೇರ್ ನೋಟ್ಸ್‌ನಿಂದ ಉಳಿದ ಇನ್ನೊಂದು ಗಂಟೆ ಲೆಕ್ಕ ಮಾಡಲು.

ಅದೇ ದಿನ ಏಕೆ? ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನೇ ಹೇಳುತ್ತದೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತ ಅವರಿಗೆ ಒಂದೇ ದಿನದಲ್ಲಿ ಕಲಿಕೆಯ ಲಾಭ (ಮತ್ತೆ ಕಲಿಯುವಾಗ ಉಳಿಯುವ ಶ್ರಮ) ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಮರೆವಿನ ದೊಡ್ಡ ಪಾಲು ಮೊದಲ ಗಂಟೆಗಳಲ್ಲೇ. ಅರ್ಥವಿರುವ ಪಾಠ ಅಷ್ಟು ಬೇಗ ಹೋಗುವುದಿಲ್ಲ. ಆದರೆ ಅರ್ಥವಾಗದೆ ಇಳಿಸಿಕೊಂಡ ನೋಟ್ಸ್ ಹೆಚ್ಚುಕಡಿಮೆ ಅರ್ಥವಿಲ್ಲದ ಅಕ್ಷರಗುಚ್ಛವೇ.

ಮುಚ್ಚಿ ಏಕೆ? ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯವನ್ನು ಎರಡು ಸಲ ಓದಿದರು, ಕೆಲವರು ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು: ಶೇ 81ಕ್ಕೆ ಶೇ 75. ಒಂದು ವಾರದ ನಂತರ ತಿರುಗುಮುರುಗಾಯಿತು. ಎರಡು ಸಲ ಓದಿದವರಿಗೆ ಶೇ 42 ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ 56. ಮತ್ತೆ ಮತ್ತೆ ಓದಿದಾಗ ‘ಎಲ್ಲ ಬಂತು’ ಎಂಬ ಭಾವನೆ ಬರುವುದೂ, ಟೆಸ್ಟ್‌ನಲ್ಲಿ ಅದು ಕೈಕೊಡುವುದೂ ಈ ಲೆಕ್ಕದಲ್ಲೇ ಕಾಣುತ್ತದೆ. ಮುಚ್ಚಿ ಹೇಳುವುದು ಕಷ್ಟವೆನಿಸುತ್ತದೆ, ಮೊದಲ ವಾರ ಅರ್ಧ ಉತ್ತರವೂ ಬರುವುದಿಲ್ಲ. ಗಾಬರಿ ಬೇಡ. ತಡಕಾಡುವ ಆ ಕಷ್ಟದಲ್ಲೇ ನೆನಪು ಗಟ್ಟಿಯಾಗುವುದು.

ಎಲ್ಲ ವಿಷಯಕ್ಕೂ ಒಂದೇ ಅಚ್ಚು ಹೊಂದುವುದಿಲ್ಲ. ಗಣಿತಕ್ಕೆ ನೋಟ್ಸ್ ಬಹಳ ಕಡಿಮೆ ಸಾಕು. ಬದಲಿಗೆ ತಪ್ಪುಗಳ ಪಟ್ಟಿ ಇಡಿ. ‘ಅಸಮತೆಯನ್ನು ಮೈನಸ್ ಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗಿಸಲಿಲ್ಲ’ ಎಂಬಂಥ ಹತ್ತಿಪ್ಪತ್ತು ಸಾಲು ಟೆಸ್ಟ್‌ನ ಹಿಂದಿನ ರಾತ್ರಿ ನೂರು ಪುಟಕ್ಕೆ ಸಮ. ರಸಾಯನಶಾಸ್ತ್ರದಲ್ಲಿ ಕ್ರಿಯೆಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಬಾಣಗಳ ನಕ್ಷೆಯಾಗಿ ಬರೆದು, ಬಾಣದ ಮೇಲೆ ಷರತ್ತು ಹಾಕಿ; ಪೆರಾಕ್ಸೈಡ್ ಪರಿಣಾಮ (ಪೆರಾಕ್ಸೈಡ್ ಇದ್ದಾಗ ಪರಮಾಣುಗಳು ಸೇರುವ ಜಾಗ ಅದಲುಬದಲಾಗುವುದು) ಹೈಡ್ರೋಜನ್ ಬ್ರೋಮೈಡ್‌ಗೆ ಮಾತ್ರ ಎಂಬುದು ಬಾಣದ ಮೇಲೇ ಇರಬೇಕು. ಜೀವಶಾಸ್ತ್ರದಲ್ಲಿ ಚಿತ್ರವನ್ನು ನೋಡದೆ ಬಿಡಿಸಿ ಹೆಸರಿಸುವುದೇ ಓದು. ಅಂಕಿಗಳನ್ನು ಕಾರಣಕ್ಕೆ ಕಟ್ಟಿಕೊಳ್ಳಿ: ಕ್ಯಾಲ್ವಿನ್ ಚಕ್ರದಲ್ಲಿ (ಸಸ್ಯಗಳು ಎಟಿಪಿ, ಎನ್‌ಎಡಿಪಿಎಚ್ ಎಂಬ ಅಣುಗಳನ್ನು ಬಳಸಿ ಸಕ್ಕರೆ ತಯಾರಿಸುವ ಕ್ರಿಯೆ) ಒಂದು ಕಾರ್ಬನ್ ಡೈಆಕ್ಸೈಡ್‌ಗೆ 3 ಎಟಿಪಿ, 2 ಎನ್‌ಎಡಿಪಿಎಚ್, ಗ್ಲುಕೋಸ್‌ನಲ್ಲಿ ಆರು ಕಾರ್ಬನ್ ಇರುವುದರಿಂದ ಆರು ಸುತ್ತು, ಹಾಗಾಗಿ 18 ಮತ್ತು 12. ಹೀಗೆ ಬರೆದುಕೊಂಡರೆ ನೆನಪಿಡಬೇಕಾದದ್ದು ಎರಡೇ ಅಂಕಿ.

ಬೋರ್ಡ್‌ನ ಫೋಟೊ: ಜಟಿಲವಾದ ಚಿತ್ರಕ್ಕೆ, ಕಾಲೇಜಿನಲ್ಲಿ ಅನುಮತಿ ಇದ್ದರೆ, ಸರಿ. ಅದೇ ಸಂಜೆ ಪುಸ್ತಕಕ್ಕೆ ಬಿಡಿಸಿ ಫೋಟೊ ಅಳಿಸಿಬಿಡಿ. ಅಳಿಸದಿದ್ದರೆ ‘ಫೋನಿನಲ್ಲಿ ಇದೆಯಲ್ಲ’ ಎಂಬ ಧೈರ್ಯದಲ್ಲಿ ನೂರಾರು ಸೇರುತ್ತವೆ, ಯಾವುದನ್ನೂ ತೆರೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್, ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್‌ಗೂ ಇದೇ ಮಾತು. ನಿಮ್ಮದನ್ನು ಸರಿನೋಡಿಕೊಳ್ಳಲು ಬಳಸಿ, ನಿಮ್ಮದರ ಬದಲಿಗೆ ಬೇಡ. ರಜೆ ಹಾಕಿದ ದಿನದ ಪಾಠವನ್ನು ಗೆಳೆಯರಿಂದ ನಕಲು ಮಾಡುವ ಬದಲು ಪಠ್ಯ ಓದಿ ನೀವೇ ಒಂದು ಪುಟ ಮಾಡಿ, ಆಮೇಲೆ ಅವರದರ ಜೊತೆ ಹೋಲಿಸಿ. ಹೈಲೈಟರ್ ಇದ್ದರೆ ಷರತ್ತುಗಳಿಗೆ ಮಾತ್ರ, ಪುಟಕ್ಕೆ ಮೂರು ಕಡೆ.

ಈಗಾಗಲೇ ಬರೆದ ನೋಟ್ಸ್‌ನ ಗತಿ ಏನು ಎಂಬ ಯೋಚನೆ ಬಂದಿರಬಹುದು. ಅದನ್ನು ಹೊಸ ರೀತಿಯಲ್ಲಿ ಮತ್ತೆ ಬರೆಯಲು ಕೂರಬೇಡಿ, ಅದೂ ಫೇರ್ ಕೆಲಸವೇ ಆಗುತ್ತದೆ. ಇರುವ ಪುಟಗಳ ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಪ್ರಶ್ನೆ ಹಾಕುತ್ತಾ ಹೋಗಿ. ಭಾನುವಾರಕ್ಕೆ ಒಂದು ಅಧ್ಯಾಯ ಸಾಕು. ಮೊದಲು ಮುಂದಿನ ಟೆಸ್ಟ್‌ಗೆ ಇರುವ ಅಧ್ಯಾಯ, ಆಮೇಲೆ ಉಳಿದವು. ಹೊಸ ಪದ್ಧತಿಯನ್ನೂ ನಾಲ್ಕು ವಿಷಯಕ್ಕೆ ಒಟ್ಟಿಗೆ ಹಚ್ಚಬೇಡಿ. ನಾಳೆಯಿಂದ ಭೌತಶಾಸ್ತ್ರ ಒಂದಕ್ಕೆ, ಎರಡು ವಾರ. ನಡುವೆ ಒಂದು ಸಂಜೆ ತಪ್ಪಿದರೆ ಮರುದಿನ ಬಾಕಿಯನ್ನೆಲ್ಲ ತೀರಿಸಲು ಹೋಗದೆ, ತಪ್ಪಿದ ಪುಟಕ್ಕೆ ಎರಡೇ ಪ್ರಶ್ನೆ ಬರೆದು ಆ ದಿನದ ಪಾಠಕ್ಕೆ ಬನ್ನಿ.